ಪೆನ್‌ಡ್ರೈವ್ ಮೌಂಟ್ ಆಗದಿದ್ದಾಗ: 41 ಜಿಬಿ ಸ್ಕ್ಯಾನ್ ಪ್ರತಿಗಳ ಒಂದು ಪ್ರಕರಣ

ಒಂದು ಊರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ 64 ಜಿಬಿ ಪೆನ್‌ಡ್ರೈವ್ ಒಂದಕ್ಕೆ ತುಂಬಿದ್ದರು. ಒಟ್ಟು 41 ಜಿಬಿ. ಸ್ಕ್ಯಾನರ್ ಜೋಡಿಸಿದ್ದ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಫೈಲುಗಳನ್ನು ಆಗಲೇ ಅಳಿಸಿಯಾಗಿತ್ತು. ಪೆನ್‌ಡ್ರೈವಿನಲ್ಲಿ ಇದ್ದದ್ದೇ ಏಕೈಕ ಪ್ರತಿ. ಅದನ್ನು ಉಬುಂಟು 22.04 ಸರ್ವರ್‌ಗೆ ಇಳಿಸಿಕೊಳ್ಳಬೇಕಿತ್ತು. ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲ, ಕರ್ನಲ್ (ಲಿನಕ್ಸಿನ ಒಳತಿರುಳು) 5.15, ಕೆಲಸವೆಲ್ಲ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಕಮಾಂಡ್‌ನಲ್ಲೇ.

ಗ್ರಂಥಾಲಯದಿಂದ ಬಂದ ಮೊದಲ ಮಾತು ಇಷ್ಟು: "ಸರ್, ಪೆನ್‌ಡ್ರೈವ್ ಹಾಕಿದ್ರೂ ಏನೂ ಬರ್ತಿಲ್ಲ. ಫಾರ್ಮ್ಯಾಟ್ ಮಾಡಿಬಿಡ್ಲಾ?"

ಬೇಡ ಎಂಬುದೇ ಉತ್ತರ. ಮೌಂಟ್ ಆಗದ, ಅಂದರೆ ಫೈಲುಗಳನ್ನು ತೆರೆಯುವಂತೆ ಒಂದು ಫೋಲ್ಡರಿಗೆ ಜೋಡಣೆಯಾಗದ ಡ್ರೈವಿನ ಮೇಲೆ ಒಂದು ಬೈಟ್ ಕೂಡ ಬರೆಯಬಾರದು. ಫಾರ್ಮ್ಯಾಟ್ ಇರಲಿ, ರಿಪೇರಿ ಮಾಡುವ ಕಮಾಂಡ್ ಕೂಡ ಬರೆಯುವ ಕೆಲಸವೇ. ಒಳಗಿರುವುದನ್ನು ಓದಿ ಬೇರೆ ಡಿಸ್ಕಿಗೆ ತೆಗೆದುಕೊಂಡ ಮೇಲೆಯೇ ರಿಪೇರಿ. ಈ ಪ್ರಕರಣದಲ್ಲಿ ಒಂದರ ಹಿಂದೆ ಒಂದು ನಾಲ್ಕು ತೊಂದರೆಗಳಿದ್ದವು. ಮೊದಲೇ ಫಾರ್ಮ್ಯಾಟ್ ಮಾಡಿದ್ದರೆ ಅಥವಾ ಬಲವಂತದಿಂದ ಮೌಂಟ್ ಮಾಡಿದ್ದರೆ ಯಾವುದು ಏನು ಎಂದು ತಿಳಿಯುತ್ತಲೂ ಇರಲಿಲ್ಲ.

ಓದುವ ಮುನ್ನ ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳು, ಎಲ್ಲೋ ಒಂದೆರಡು ಕಡೆ ದೊಡ್ಡಕ್ಷರ ಬೇಕಾದಾಗ ಅಲ್ಲೇ ಹೇಳಿದೆ. ಎಸ್‌ಡಿಬಿ ಎಂದರೆ ಎಸ್, ಡಿ, ಬಿ ಮೂರು ಅಕ್ಷರಗಳು. ಯುಮೌಂಟ್ ಕಮಾಂಡ್‌ನಲ್ಲಿ ಯು ಆದ ಮೇಲೆ ನೇರ ಎಂ ಬರುತ್ತದೆ, ನಡುವೆ ಎನ್ ಇಲ್ಲ. "ಕಮಾಂಡ್ ನಾಟ್ ಫೌಂಡ್" ಎಂದು ಬಂದರೆ ಮೊದಲು ಅದನ್ನೇ ನೋಡಿ.

ತಂತಿ, ಪೋರ್ಟ್, ಕರೆಂಟ್

ಮೌಂಟ್ ಎಂಬುದು ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಯುಎಸ್‌ಬಿ ಸಾಧನವನ್ನು ಕರ್ನಲ್ ಗುರುತಿಸಬೇಕು, ಅದನ್ನು ಡಿಸ್ಕ್ ಎಂದು ಒಪ್ಪಿಕೊಳ್ಳಬೇಕು, ಡಿಸ್ಕಿನಲ್ಲಿ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಕಾಣಬೇಕು, ಪಾರ್ಟಿಶನ್‌ನಲ್ಲಿ ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಕಾಣಬೇಕು. ಎಲ್ಲಿ ತಡೆದಿದೆ ಎಂದು ಹೇಳುವುದು ಕರ್ನಲ್ ಲಾಗ್. ಹಾಗಾಗಿ ಪೆನ್‌ಡ್ರೈವ್ ಹೊರಗೆ ತೆಗೆದು, ಈ ಕಮಾಂಡ್ ಓಡಿಸಿಟ್ಟು, ಆಮೇಲೆ ಚುಚ್ಚಬೇಕು:

ಸುಡೊ ಡಿಎಂಇಎಸ್‌ಜಿ -ಡಬ್ಲ್ಯೂ

ಉಬುಂಟುವಿನಲ್ಲಿ 20.10ರಿಂದ ಈಚೆಗೆ ಸಾಮಾನ್ಯ ಬಳಕೆದಾರರಿಗೆ ಈ ಲಾಗ್ ಕಾಣುವುದಿಲ್ಲ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೊ ಬೇಕೇ ಬೇಕು. ಸುಡೊ ಇಲ್ಲದೆ ಓಡಿಸಿ, ಅನುಮತಿ ಇಲ್ಲ ಎಂಬ ಒಂದು ಸಾಲು ನೋಡಿ, "ಲಾಗ್‌ನಲ್ಲಿ ಏನೂ ಇಲ್ಲ" ಎಂದುಕೊಳ್ಳುವವರು ಬಹಳ.

ಇಲ್ಲಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಬಂದದ್ದು "ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71" ಎಂಬ ಸಾಲು, ಮೂರು ನಾಲ್ಕು ಸಲ. ಕೊನೆಗೆ "ಅನೇಬಲ್ ಟು ಎನ್ಯೂಮರೇಟ್ ಯುಎಸ್‌ಬಿ ಡಿವೈಸ್". ಮೈನಸ್ 71 ಎಂದರೆ ಪ್ರೋಟೋಕಾಲ್ ದೋಷ: ಎರಡೂ ಕಡೆ ಮಾತು ಶುರುವಾಯಿತು, ಆದರೆ ಬಂದ ಉತ್ತರ ಅರ್ಥವಾಗುವಂತಿರಲಿಲ್ಲ. ಮೈನಸ್ 110 ಬಂದರೆ ಉತ್ತರವೇ ಬರದೆ ಸಮಯ ಮುಗಿಯಿತು ಎಂದು. ಎರಡಕ್ಕೂ ಫೈಲ್ ಸಿಸ್ಟಮ್‌ಗೂ ಸಂಬಂಧವೇ ಇಲ್ಲ. ಡಿಸ್ಕ್ ಇನ್ನೂ ಹುಟ್ಟೇ ಇಲ್ಲ. ಈ ಹಂತದಲ್ಲಿ ಮೌಂಟ್ ಕಮಾಂಡ್ ಕೊಡುವುದು ವ್ಯರ್ಥ, ಡ್ರೈವ್ ಸತ್ತಿದೆ ಎಂದು ತೀರ್ಮಾನಿಸುವುದು ಅವಸರ.

ನೋಡಿದರೆ ಪೆನ್‌ಡ್ರೈವ್ ಸಿಕ್ಕಿಸಿದ್ದು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ, ಅದೂ ಒಂದು ಎಕ್ಸ್‌ಟೆನ್ಷನ್ ಕೇಬಲ್ ಮೂಲಕ. ಮುಂದಿನ ಪೋರ್ಟುಗಳು ಮದರ್‌ಬೋರ್ಡಿಗೆ ಒಳಗಿನ ತೆಳು ಕೇಬಲ್ ಒಂದರಿಂದ ಸೇರಿರುತ್ತವೆ. ಅದರ ಮೇಲೆ ಎಕ್ಸ್‌ಟೆನ್ಷನ್ ಸೇರಿದರೆ ಸಿಗ್ನಲ್ ಕೆಡುತ್ತದೆ, ವೋಲ್ಟೇಜ್ ಇಳಿಯುತ್ತದೆ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡಬೇಕು, 3.0 ಪೋರ್ಟ್ 900. ಹಳೆಯ ಕೇಬಲ್ಲಿನ ತುದಿಗೆ ಅಷ್ಟು ಗಟ್ಟಿಯಾಗಿ ತಲುಪುತ್ತದೆ ಎಂಬ ಭರವಸೆ ಇಲ್ಲ. ಪವರ್ ಇಲ್ಲದ ಹಬ್‌ಗಳದ್ದೂ ಇದೇ ಕಥೆ.

ಎಕ್ಸ್‌ಟೆನ್ಷನ್ ತೆಗೆದು, ಹಿಂದೆ ಮದರ್‌ಬೋರ್ಡಿನ ಮೇಲೇ ಇರುವ ನೀಲಿ ಪೋರ್ಟಿಗೆ ನೇರ ಸಿಕ್ಕಿಸಿದಾಗ ಲಾಗ್‌ನ ಭಾಷೆಯೇ ಬದಲಾಯಿತು: ಹೊಸ ಸೂಪರ್‌ಸ್ಪೀಡ್ ಸಾಧನ, ಯುಎಸ್‌ಬಿ ಸ್ಟೋರೇಜ್, ಆಮೇಲೆ "ಎಸ್‌ಡಿಬಿ: 120176640 512-ಬೈಟ್ ಲಾಜಿಕಲ್ ಬ್ಲಾಕ್ಸ್, 61.5 ಜಿಬಿ/57.3 ಜಿಐಬಿ", ಅದರ ಕೆಳಗೆ "ಎಸ್‌ಡಿಬಿ: ಎಸ್‌ಡಿಬಿ1".

ಡಬ್ಬಿಯ ಮೇಲೆ 64 ಎಂದಿರುವುದು ಇಲ್ಲಿ 57.3 ಆದದ್ದಕ್ಕೆ ಗಾಬರಿ ಬೇಡ. ಒಂದಷ್ಟು ಜಾಗವನ್ನು ಪೆನ್‌ಡ್ರೈವಿನ ಕಂಟ್ರೋಲರ್ ತನಗಾಗಿ ಇಟ್ಟುಕೊಂಡಿದೆ; ಉಳಿದ 61.5 ನೂರು ಕೋಟಿ ಬೈಟ್‌ಗಳನ್ನು 1024ರ ಲೆಕ್ಕದಲ್ಲಿ ಭಾಗಿಸಿದರೆ 57.3. ಆದರೆ 64 ಜಿಬಿ ಡ್ರೈವ್ 7 ಜಿಬಿ ಎಂದೋ ಸೊನ್ನೆ ಎಂದೋ ತೋರಿಸಿದರೆ ಅದು ನಿಜಕ್ಕೂ ಕೆಟ್ಟ ಸುದ್ದಿ: ನಕಲಿ ಮಾಲು, ಇಲ್ಲವೇ ಸಾಯುತ್ತಿರುವ ಕಂಟ್ರೋಲರ್.

ವೇಗವನ್ನು ಇಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಎಲ್‌ಎಸ್‌ಯುಎಸ್‌ಬಿ -ಟಿ ಎಂದರೆ ಮರದ ಆಕಾರದಲ್ಲಿ ಪೋರ್ಟುಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ 480ಎಂ ಅಥವಾ 5000ಎಂ ಎಂದಿರುತ್ತದೆ. 3.0 ಪೆನ್‌ಡ್ರೈವ್ 480ರಲ್ಲಿ ಕೂತಿದ್ದರೆ ಸೆಕೆಂಡಿಗೆ ಸುಮಾರು 35 ಎಂಬಿ ಲೆಕ್ಕದಲ್ಲಿ 41 ಜಿಬಿಗೆ 20 ನಿಮಿಷ ಹಿಡಿಯುತ್ತದೆ. 5000ರಲ್ಲಿ ಕೂತು ಸೆಕೆಂಡಿಗೆ 100 ಎಂಬಿ ಓದಿದರೆ 7 ನಿಮಿಷ. ಕೆಲವೊಮ್ಮೆ ಪ್ಲಗ್ಗನ್ನು ಮೆಲ್ಲಗೆ ತಳ್ಳಿದರೆ 3.0ರ ಒಳಗಿನ ಪಿನ್ನುಗಳು ಮುಟ್ಟುವ ಮೊದಲೇ 2.0 ಎಂದು ಒಪ್ಪಂದ ಆಗಿಬಿಡುತ್ತದೆ. ತೆಗೆದು ಒಂದೇ ಸಲಕ್ಕೆ ಒತ್ತಿ ಹಾಕಿದರೆ ಸರಿಯಾಗುತ್ತದೆ.

ಡಿಸ್ಕ್ ಯಾವುದು, ಪಾರ್ಟಿಶನ್ ಯಾವುದು

ಚುಚ್ಚಿದ ಮೇಲೆ ಒಂದೆರಡು ಸೆಕೆಂಡ್ ಕಾಯಬೇಕು. ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಡಿಸ್ಕನ್ನು ಹುಡುಕುವ ಮುನ್ನ ತಾನೇ ಒಂದು ಸೆಕೆಂಡ್ ನಿಲ್ಲುತ್ತದೆ. ಆಮೇಲೆ:

ಎಲ್‌ಎಸ್‌ಬಿಎಲ್‌ಕೆ -ಎಫ್

ಎಸ್‌ಡಿಎ ಸರ್ವರಿನ ಸ್ವಂತ ಡಿಸ್ಕ್. ಎಸ್‌ಡಿಬಿ ಪೆನ್‌ಡ್ರೈವ್, ಅದರ ಕೆಳಗೆ ಎಸ್‌ಡಿಬಿ1, ಪಕ್ಕದಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್), ಲೇಬಲ್, 16 ಅಂಕೆಗಳ ಯುಯುಐಡಿ (ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ). ಪೆನ್‌ಡ್ರೈವ್‌ಗಳಲ್ಲಿ ಕಾಣುವ ಬೇರೆ ಫೈಲ್ ಸಿಸ್ಟಮ್‌ಗಳಾದ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಯುಯುಐಡಿ ನಾಲ್ಕು ಅಂಕೆ, ಒಂದು ಅಡ್ಡಗೀಟು, ಮತ್ತೆ ನಾಲ್ಕು ಅಂಕೆ ಇರುತ್ತದೆ.

ಮೊದಲು ಪ್ರಯತ್ನಿಸಿದವರು /ಡೆವ್/ಎಸ್‌ಡಿಬಿ ಎಂದು ಇಡೀ ಡಿಸ್ಕನ್ನೇ ಮೌಂಟ್ ಮಾಡಲು ಹೋಗಿದ್ದರು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿರುವುದು ಪಾರ್ಟಿಶನ್ ಪಟ್ಟಿ. ಅದು ಫೈಲ್ ಸಿಸ್ಟಮ್ ಅಲ್ಲ. ಹಾಗಾಗಿ ಬಂದ ಉತ್ತರ: "ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್". ಕೊನೆಯ 1 ಅಂಕೆ ಸೇರಿಸಿ /ಡೆವ್/ಎಸ್‌ಡಿಬಿ1 ಎಂದರೆ ಸರಿ. ಆದರೆ ಇದನ್ನು ಕಣ್ಣುಮುಚ್ಚಿ ನಿಯಮ ಮಾಡಿಕೊಳ್ಳಬೇಡಿ. ಪಾರ್ಟಿಶನ್ ಪಟ್ಟಿಯೇ ಇಲ್ಲದೆ ನೇರ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗಳೂ ಇವೆ. ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಫೈಲ್ ಸಿಸ್ಟಮ್ ಹೆಸರು ಯಾವ ಸಾಲಿನ ಪಕ್ಕ ಬರುತ್ತದೋ ಆ ಸಾಲನ್ನೇ ಮೌಂಟ್ ಮಾಡಬೇಕು.

ಒಂದೇ ಸಂದೇಶ, ಹತ್ತು ಕಾರಣ

ಸರ್ವರಿನಲ್ಲಿ ಹಿಂದೆ ಯಾರೋ ಬರೆದಿಟ್ಟ ಟಿಪ್ಪಣಿಯಂತೆ ಕೊಟ್ಟ ಕಮಾಂಡ್ ಇದು (ಎನ್‌ಟಿಎಫ್‌ಎಸ್3 ಎಂಬುದು ಕರ್ನಲ್‌ನ ಒಳಗೇ ಇರುವ ಎನ್‌ಟಿಎಫ್‌ಎಸ್ ಡ್ರೈವರ್):

ಸುಡೊ ಮೌಂಟ್ -ಟಿ ಎನ್‌ಟಿಎಫ್‌ಎಸ್3 /ಡೆವ್/ಎಸ್‌ಡಿಬಿ1 /ಎಂಎನ್‌ಟಿ/ಪೆನ್

ಸರಿಯಾದ ಪಾರ್ಟಿಶನ್ ಕೊಟ್ಟರೂ ಬಂದದ್ದು ಮತ್ತದೇ ಸಂದೇಶ: ತಪ್ಪು ಫೈಲ್ ಸಿಸ್ಟಮ್, ತಪ್ಪು ಆಯ್ಕೆ, ಕೆಟ್ಟ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮೂಲ ವಿವರ ಇರುವ ಜಾಗ), ಇಲ್ಲದ ಕೋಡ್‌ಪೇಜ್, ಅಥವಾ ಬೇರೇನೋ. ಜನ ಎಡವುವುದೇ ಇಲ್ಲಿ. "ಸೂಪರ್‌ಬ್ಲಾಕ್ ಕೆಟ್ಟಿದೆ" ಎಂಬ ಭಾಗವನ್ನಷ್ಟೇ ಓದಿ, ಡ್ರೈವ್ ಹಾಳಾಯಿತು ಎಂದು ರಿಪೇರಿಗೋ ಫಾರ್ಮ್ಯಾಟಿಗೋ ಇಳಿಯುತ್ತಾರೆ. ಈ ಸಂದೇಶಕ್ಕೆ ಸ್ವಂತ ಅರ್ಥವಿಲ್ಲ. ಕರ್ನಲ್ "ಆಗುವುದಿಲ್ಲ" ಎಂದು ಒಂದೇ ದೋಷ ಸಂಖ್ಯೆ ಹಿಂತಿರುಗಿಸಿದೆ. ಅದಕ್ಕೆ ಇರಬಹುದಾದ ಕಾರಣಗಳನ್ನೆಲ್ಲ ಮೌಂಟ್ ಕಮಾಂಡ್ ಸಾಲಾಗಿ ಒಪ್ಪಿಸುತ್ತಿದೆ, ಅಷ್ಟೆ. ನಿಜವಾದ ಕಾರಣ ಇರುವುದು ಅದೇ ಕ್ಷಣದ ಕರ್ನಲ್ ಲಾಗ್‌ನಲ್ಲಿ:

ಸುಡೊ ಡಿಎಂಇಎಸ್‌ಜಿ | ಟೇಲ್ -ಎನ್ 20

ಅಲ್ಲಿದ್ದ ಸಾಲು: "ಎನ್‌ಟಿಎಫ್‌ಎಸ್3: ಎಸ್‌ಡಿಬಿ1: ವಾಲ್ಯೂಮ್ ಈಸ್ ಡರ್ಟಿ ಅಂಡ್ ಫೋರ್ಸ್ ಫ್ಲ್ಯಾಗ್ ಈಸ್ ನಾಟ್ ಸೆಟ್".

ಈಗ ಮಾತು ಸ್ಪಷ್ಟ. ವಿಂಡೋಸ್ ಎನ್‌ಟಿಎಫ್‌ಎಸ್ ಡ್ರೈವಿಗೆ ಬರೆಯಲು ಶುರು ಮಾಡಿದಾಗ "ಕೆಲಸ ನಡೆಯುತ್ತಿದೆ" ಎಂಬ ಒಂದು ಗುರುತನ್ನು ಡ್ರೈವಿನಲ್ಲೇ ಹಾಕುತ್ತದೆ, ಎಲ್ಲ ಬರೆದು ಮುಗಿದ ಮೇಲೆ ತೆಗೆಯುತ್ತದೆ. ನಡುವೆ ಪೆನ್‌ಡ್ರೈವ್ ಕಿತ್ತರೆ ಆ ಗುರುತು ಹಾಗೇ ಉಳಿಯುತ್ತದೆ. ಗುರುತು ಕಂಡ ಲಿನಕ್ಸ್ ಡ್ರೈವರ್, ಒಳಗಿನ ಲೆಕ್ಕಪತ್ರ ಅರ್ಧಕ್ಕೆ ನಿಂತಿರಬಹುದು, ಅದರ ಮೇಲೆ ನಾನು ಬರೆದರೆ ಇನ್ನಷ್ಟು ಕೆಡುತ್ತದೆ ಎಂದು ಹಿಂದೆ ಸರಿಯುತ್ತದೆ. ಇದು ದೋಷವಲ್ಲ, ಎಚ್ಚರಿಕೆ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಪೆನ್‌ಡ್ರೈವ್‌ಗಳಿಗೆ "ಕ್ವಿಕ್ ರಿಮೂವಲ್" ನೀತಿ ತಾನಾಗಿಯೇ ಇರುತ್ತದೆ, ಆದ್ದರಿಂದ ಇಜೆಕ್ಟ್ ಬೇಕಿಲ್ಲ ಎಂದು ಹಲವರು ನಂಬಿದ್ದಾರೆ. ಆ ನೀತಿ ಬರಹವನ್ನು ತಡಮಾಡದೆ ಕಳಿಸುತ್ತದೆ. ಬರೆಯುತ್ತಿರುವಾಗಲೇ ಕಿತ್ತರೆ ಅದು ಏನೂ ಮಾಡಲಾರದು.

ಇದರ ಸೋದರ ತೊಂದರೆ ಫಾಸ್ಟ್ ಸ್ಟಾರ್ಟಪ್‌ನದು. ವಿಂಡೋಸ್ 8ರಿಂದ ಬಂದ ಈ ಸೌಲಭ್ಯದಲ್ಲಿ ಶಟ್‌ಡೌನ್ ಒತ್ತಿದರೂ ಯಂತ್ರ ಪೂರ್ತಿ ಮುಗಿಯುವುದಿಲ್ಲ. ಕರ್ನಲ್ ಸ್ಥಿತಿಯನ್ನು ಡಿಸ್ಕಿಗೆ ಬರೆದು ನಿದ್ದೆಗೆ ಜಾರುತ್ತದೆ. ಅಂಥ ಡಿಸ್ಕನ್ನು ಎನ್‌ಟಿಎಫ್‌ಎಸ್-3ಜಿ ಎಂಬ ಇನ್ನೊಂದು ಡ್ರೈವರಿನಿಂದ ತೆರೆದರೆ "ವಿಂಡೋಸ್ ಕ್ಯಾಶ್‌ನಲ್ಲಿ ಮಾಹಿತಿ ಉಳಿದಿದೆ, ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ" ಎಂಬ ಅರ್ಥದ ಸಂದೇಶ ಬರುತ್ತದೆ. ವಿಂಡೋಸ್ ಕಡೆ ರಿಸ್ಟಾರ್ಟ್ ಮಾಡಿದರೆ, ಇಲ್ಲವೇ ಶಟ್‌ಡೌನ್ /ಎಸ್ /ಟಿ 0 ಎಂಬ ಕಮಾಂಡ್ ಕೊಟ್ಟರೆ ಪೂರ್ತಿ ಮುಗಿಯುತ್ತದೆ. ಈ ಪೆನ್‌ಡ್ರೈವಿನಲ್ಲಿ ಆ ಲಕ್ಷಣ ಇರಲಿಲ್ಲ, ಉಳಿದಿದ್ದು ಗುರುತು ಮಾತ್ರ.

ಲಾಗ್‌ನಲ್ಲಿ ಬೇರೆ ಸಾಲು ಇದ್ದಿದ್ದರೆ ದಾರಿಯೂ ಬೇರೆ. "ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್" ಎಂದು ಮೌಂಟ್ ಹೇಳಿದರೆ ಡ್ರೈವರೇ ಇಲ್ಲ ಎಂದು. ಎನ್‌ಟಿಎಫ್‌ಎಸ್3 ಕರ್ನಲ್‌ಗೆ ಸೇರಿದ್ದು 2021ರ 5.15ರಲ್ಲಿ, ಸ್ಯಾಮ್‌ಸಂಗ್ ಕೊಟ್ಟ ಎಕ್ಸ್‌ಫ್ಯಾಟ್ ಡ್ರೈವರ್ 2020ರ 5.7ರಲ್ಲಿ. ಹಳೆಯ ಕರ್ನಲ್‌ಗಳಲ್ಲಿ ಇವನ್ನು ಹುಡುಕಬಾರದು. ಆರ್ಚ್‌ನಂಥ ವಿತರಣೆಗಳಲ್ಲಿ ಇನ್ನೊಂದು ಕಾರಣ: ಕರ್ನಲ್ ಅಪ್‌ಡೇಟ್ ಆದಾಗ ಹಳೆಯ ಮಾಡ್ಯೂಲ್‌ಗಳು ಅಳಿಸಿಹೋಗಿ, ರೀಬೂಟ್ ಮಾಡುವವರೆಗೆ ಹೊಸ ಡ್ರೈವರ್ ಯಾವುದೂ ಲೋಡ್ ಆಗುವುದಿಲ್ಲ. "ಐ/ಓ ಎರರ್, ಸೆಕ್ಟರ್" ಎಂದು ಸಾಲುಸಾಲಾಗಿ ಬಂದರೆ ಫ್ಲ್ಯಾಶ್ ಚಿಪ್ಪೇ ಸೋಲುತ್ತಿದೆ. ಆಗ ಮೌಂಟ್ ಆಸೆಯನ್ನೇ ಬಿಟ್ಟು, ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಇಮೇಜ್ ತೆಗೆದು, ಆ ಇಮೇಜ್ ಮೇಲೆ ಕೆಲಸ ಮಾಡಬೇಕು.

ಓದಲು ಮಾತ್ರ

ಫೋರ್ಸ್ ಆಯ್ಕೆ ಕೊಟ್ಟರೆ ಎನ್‌ಟಿಎಫ್‌ಎಸ್3 ಎಚ್ಚರಿಕೆ ಬದಿಗಿಟ್ಟು ಮೌಂಟ್ ಮಾಡುತ್ತದೆ. ಏಕೈಕ ಪ್ರತಿ ಇರುವ ಡ್ರೈವಿನಲ್ಲಿ ಅದನ್ನು ಬಳಸಬಾರದು. ಓದಲು ಮಾತ್ರ ಎಂದು ಕೇಳಿದರೆ ಅದೇ ಡ್ರೈವರ್ ಗುರುತು ಇದ್ದರೂ ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕೂ ಮೊದಲು ಬ್ಲಾಕ್ ಸಾಧನಕ್ಕೇ ಬೀಗ ಹಾಕುವುದು ಲೇಸು:

ಸುಡೊ ಬ್ಲಾಕ್‌ಡೆವ್ --ಸೆಟ್‌ಆರ್‌ಓ /ಡೆವ್/ಎಸ್‌ಡಿಬಿ1

ಸುಡೊ ಮೌಂಟ್ -ಟಿ ಎನ್‌ಟಿಎಫ್‌ಎಸ್3 -ಓ ಆರ್‌ಓ,ಯುಐಡಿ=1000,ಜಿಐಡಿ=1000,ಉಮಾಸ್ಕ್=022,ಐಓಚಾರ್‌ಸೆಟ್=ಯುಟಿಎಫ್8 /ಡೆವ್/ಎಸ್‌ಡಿಬಿ1 /ಎಂಎನ್‌ಟಿ/ಪೆನ್

ಅಲ್ಪವಿರಾಮದ ನಂತರ ಖಾಲಿ ಜಾಗ ಬಿಡಬಾರದು. ಬಿಟ್ಟರೆ ಮೌಂಟ್ ಅದನ್ನು ಬೇರೆ ಪದ ಎಂದುಕೊಂಡು ಮತ್ತೆ ಸಿಡುಕುತ್ತದೆ. ಯುಐಡಿ 1000 ಎಂಬುದು ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಬಳಕೆದಾರರ ಸಂಖ್ಯೆ. ನಿಮ್ಮದನ್ನು ಐಡಿ ಎಂಬ ಕಮಾಂಡ್ ಹೇಳುತ್ತದೆ. ಇದನ್ನು ಕೊಡದಿದ್ದರೆ ಫೈಲುಗಳೆಲ್ಲ ರೂಟ್ ಹೆಸರಿನಲ್ಲಿ ಕಾಣಬಹುದು. ಮೌಂಟ್ ಮಾಡುವ ಖಾಲಿ ಫೋಲ್ಡರಿನ ಮಾಲೀಕತ್ವ ಬದಲಿಸಿ ಇದನ್ನು ಸರಿಪಡಿಸಲು ನೋಡುವವರಿದ್ದಾರೆ. ಮೌಂಟ್ ಆದ ಕೂಡಲೇ ಆ ಫೋಲ್ಡರ್ ಮರೆಯಾಗಿ ಪೆನ್‌ಡ್ರೈವಿನ ಮೂಲ ಫೋಲ್ಡರ್ ಅದರ ಜಾಗಕ್ಕೆ ಬರುವುದರಿಂದ ಅದು ಕೆಲಸಕ್ಕೆ ಬಾರದು. ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್‌ನಲ್ಲಿ ಲಿನಕ್ಸ್ ಮಾಲೀಕತ್ವ ಬರೆದಿಡಲು ಜಾಗವೇ ಇಲ್ಲ. ಅಲ್ಲಿ ಸಿಎಚ್‌ಓನ್ ಕಮಾಂಡಿಗೆ "ಅನುಮತಿ ಇಲ್ಲ" ಎಂಬ ಉತ್ತರ ರೂಟ್‌ಗೂ ಬರುತ್ತದೆ. ಮೌಂಟ್ ಆಯ್ಕೆಯೊಂದೇ ದಾರಿ.

ಇನ್ನೊಂದು ಎಚ್ಚರ ಇಲ್ಲಿಗೇ ಸೇರುತ್ತದೆ. ಡ್ರೈವ್ ಎಕ್ಸ್‌ಟಿ4 (ಲಿನಕ್ಸಿನ ಫೈಲ್ ಸಿಸ್ಟಮ್) ಆಗಿದ್ದರೆ ಬರೀ ಆರ್‌ಓ, ಅಂದರೆ ಓದಲು ಮಾತ್ರ ಎಂಬ ಆಯ್ಕೆ, ಸಾಲದು. ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ದಾಖಲಿಸಿಡುವ ಜಾಗ) ಬಾಕಿ ಇರುವುದನ್ನು ಅದು ಓದಲು ಮಾತ್ರದ ಮೌಂಟ್‌ನಲ್ಲೂ ಡಿಸ್ಕಿಗೆ ಬರೆಯುತ್ತದೆ. ನೋಲೋಡ್ ಆಯ್ಕೆ ಸೇರಿಸಿದರೆ ಮಾತ್ರ ಸುಮ್ಮನಿರುತ್ತದೆ.

ಮೌಂಟ್ ಆಯಿತು. ಎಲ್‌ಎಸ್ ಎಂದಾಗ ಒಬ್ಬರ ಪರದೆಯಲ್ಲಿ ಕನ್ನಡ ಹೆಸರುಗಳು ಸರಿಯಾಗಿ ಬಂದವು, ಇನ್ನೊಬ್ಬರಿಗೆ ಪ್ರತಿ ಹೆಸರೂ \340\262\227 ಎಂಬಂಥ ಅಂಕೆಗಳ ಸರಪಳಿ. ಹೆಸರು ಕೆಟ್ಟಿಲ್ಲ. 340, 262, 227 ಎಂಬುದು ಕನ್ನಡದ "ಗ" ಅಕ್ಷರದ ಮೂರು ಯುಟಿಎಫ್-8 ಬೈಟ್‌ಗಳು, ಎಂಟರ ಆಧಾರದ ಅಂಕೆಗಳಲ್ಲಿ. ಆ ಎಸ್‌ಎಸ್‌ಎಚ್ ಸೆಷನ್ನಿನ ಲೋಕೇಲ್ (ಭಾಷೆ ಮತ್ತು ಲಿಪಿಯ ಸೆಟ್ಟಿಂಗ್) ಬರೀ ಸಿ ಎಂದಿತ್ತು, ಅದನ್ನು ಸಿ.ಯುಟಿಎಫ್-8 (ಇಲ್ಲಿ ಎಲ್ಲವೂ ದೊಡ್ಡಕ್ಷರ) ಮಾಡಿದ ಕೂಡಲೇ ಅಕ್ಷರಗಳು ಬಂದವು. ಸರ್ವರಿಗೆ ನೇರ ಜೋಡಿಸಿದ ಮಾನಿಟರ್‌ನಲ್ಲಿ ಬರೀ ಚೌಕಗಳು ಬಂದರೂ ಹೆದರಬೇಕಿಲ್ಲ. ಲಿನಕ್ಸಿನ ಪಠ್ಯ ಕನ್ಸೋಲ್‌ನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಕನ್ನಡ ಅದರಲ್ಲಿಲ್ಲ. ಆದರೆ ಪ್ರಶ್ನಾರ್ಥಕ ಚಿಹ್ನೆಗಳೇ ತುಂಬಿದ್ದರೆ ಮೌಂಟ್ ಕಮಾಂಡಿನಲ್ಲಿ ಲಿಪಿ ಸೂಚಿಸುವ ಐಓಚಾರ್‌ಸೆಟ್ ಆಯ್ಕೆ ತಪ್ಪಿದೆ ಎಂದು ಅನುಮಾನಿಸಿ. ಆ ಸ್ಥಿತಿಯಲ್ಲಿ ನಕಲು ಮಾಡಿದರೆ ಹೆಸರುಗಳು ನಿಜವಾಗಿಯೂ ಕಳೆದುಹೋಗುತ್ತವೆ.

ಉದ್ದದ ಕನ್ನಡ ಹೆಸರುಗಳು

ನಕಲಿಗೆ ಫೋಲ್ಡರುಗಳನ್ನು ನಕಲಿಸುವ ಆರ್‌ಸಿಂಕ್ ಕಮಾಂಡ್, ಆರ್‌ಸಿಂಕ್ -ಆರ್‌ಟಿವಿ ಎಂದು ಕೊಟ್ಟರೆ ಸಾಕು. ಮೂಲದ ಅನುಮತಿ, ಮಾಲೀಕತ್ವಗಳಿಗೆ ಇಲ್ಲಿ ಅರ್ಥವಿಲ್ಲದ್ದರಿಂದ -ಎ ಬೇಡ. ಸರ್ವರಿನ ಎಕ್ಸ್‌ಟಿ4 ಡಿಸ್ಕಿಗೆ 41 ಜಿಬಿ ಇಳಿಯಿತು, ಕೊನೆಯಲ್ಲಿ ಆರ್‌ಸಿಂಕ್ 23 ಎಂಬ ಸಂಖ್ಯೆಯೊಂದಿಗೆ ನಿಂತಿತು: ಎಲ್ಲವೂ ಬಂದಿಲ್ಲ. ಏಳು ಫೈಲುಗಳಿಗೆ "ಫೈಲ್ ನೇಮ್ ಟೂ ಲಾಂಗ್", ಸಂಖ್ಯೆ 36.

ಕನ್ನಡದಲ್ಲಿ ಫೈಲ್ ಹೆಸರಿಡುವ ಎಲ್ಲರೂ ತಿಳಿದಿರಬೇಕಾದ ವಿಷಯ ಇದು. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಯುಟಿಎಫ್-16 ಘಟಕಗಳನ್ನು ಕೊಡುತ್ತದೆ, ಕನ್ನಡದ ಒಂದೊಂದು ಚಿಹ್ನೆಗೆ ಒಂದೊಂದು ಘಟಕ. ಎಕ್ಸ್‌ಟಿ4 ಕೊಡುವುದು 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಅಂದರೆ ಎಕ್ಸ್‌ಟಿ4ನಲ್ಲಿ ಕನ್ನಡಕ್ಕೆ ಸಿಗುವುದು 85 ಚಿಹ್ನೆಗಳು ಮಾತ್ರ. ಚಿಹ್ನೆ ಎಂದರೆ ನಾವು ಎಣಿಸುವ ಅಕ್ಷರವಲ್ಲ. "ಗ್ರಂಥಾಲಯ" ಎಂಬುದರಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ: ಗ್ರಂ, ಥಾ, ಲ, ಯ. ಯಂತ್ರಕ್ಕೆ ಅದು ಗ, ವಿರಾಮ, ರ, ಅನುಸ್ವಾರ, ಥ, ದೀರ್ಘ, ಲ, ಯ ಎಂಬ ಎಂಟು ಚಿಹ್ನೆ, 24 ಬೈಟ್. "ಕ್ಷ" ಒಂದಕ್ಕೇ 9 ಬೈಟ್. ಪತ್ರಿಕೆಯ ಹೆಸರು, ದಿನಾಂಕ, ಪುಟ, ಮುಖ್ಯ ಸುದ್ದಿಯ ಶೀರ್ಷಿಕೆ ಎಲ್ಲವನ್ನೂ ಫೈಲ್ ಹೆಸರಿಗೆ ಸೇರಿಸಿದರೆ 255 ದಾಟುವುದು ತಡವಿಲ್ಲ. ವಿಂಡೋಸ್‌ನಲ್ಲಿ ಅದೇ ಹೆಸರು ಯಾವ ತಕರಾರೂ ಇಲ್ಲದೆ ನಡೆದಿರುತ್ತದೆ.

ಅಂಥ ಹೆಸರುಗಳನ್ನು ನಕಲಿಗೆ ಮೊದಲೇ ಹುಡುಕಬಹುದು. ಫೈಂಡ್ ಕಮಾಂಡಿನ -ಪ್ರಿಂಟ್‌ಎಫ್ ಆಯ್ಕೆಯಿಂದ ಬರೀ ಫೈಲ್ ಹೆಸರುಗಳನ್ನು ಸಾಲಾಗಿ ತೆಗೆದು, ಎಲ್‌ಸಿ_ಆಲ್=ಸಿ ಎಂದು ಮುಂದಿಟ್ಟು ಆಕ್ ಕಮಾಂಡಿಗೆ ಕೊಟ್ಟು, ಉದ್ದ 255 ಮೀರಿದ ಸಾಲು ತೋರಿಸು ಎಂದರೆ ಸಾಕು. ಎಲ್‌ಸಿ_ಆಲ್ ಪೂರ್ತಿ ದೊಡ್ಡಕ್ಷರ, ಬಲಗಡೆಯ ಸಿ ಕೂಡ ದೊಡ್ಡಕ್ಷರ. ಆ ಸಿ ಲೋಕೇಲ್ ಇದ್ದರೆ ಆಕ್ ಉದ್ದವನ್ನು ಬೈಟ್ ಲೆಕ್ಕದಲ್ಲೇ ಎಣಿಸುತ್ತದೆ. ಕನ್ನಡ ಲೋಕೇಲ್ ಇದ್ದರೆ ಚಿಹ್ನೆ ಎಣಿಸಿ ಎಲ್ಲವೂ ಸರಿ ಎಂದುಬಿಡಬಹುದು.

ಮೂಲ ಡ್ರೈವ್ ಬೀಗ ಹಾಕಿದ ಸ್ಥಿತಿಯಲ್ಲಿರುವುದರಿಂದ ಅಲ್ಲಿ ಹೆಸರು ಬದಲಿಸುವಂತಿಲ್ಲ, ಬದಲಿಸಲೂಬಾರದು. ಏಳು ಫೈಲುಗಳನ್ನು ಸಿಪಿ ಕಮಾಂಡಿನಲ್ಲಿ ಒಂದೊಂದಾಗಿ, ದಿನಾಂಕ ಮತ್ತು ಪುಟಸಂಖ್ಯೆಯ ಚಿಕ್ಕ ಹೆಸರಿಗೆ ನಕಲಿಸಿ, ಯಾವ ಚಿಕ್ಕ ಹೆಸರು ಯಾವ ಉದ್ದದ ಹೆಸರಿನದು ಎಂಬ ಪಟ್ಟಿಯನ್ನು ಅದೇ ಫೋಲ್ಡರಿನ ಪಠ್ಯ ಫೈಲ್ ಒಂದರಲ್ಲಿ ಬರೆದಿಡಲಾಯಿತು. ಮುಖ್ಯ ಸುದ್ದಿಯ ಶೀರ್ಷಿಕೆಗಳು ಆ ಪಟ್ಟಿಯಲ್ಲಿ ಉಳಿದವು. ಯಾರೋ ಗಂಟೆಗಟ್ಟಲೆ ಕೂತು ಟೈಪ್ ಮಾಡಿದ್ದ ಮಾಹಿತಿ ಅದು, ಬಿಸಾಡುವಂಥದ್ದಲ್ಲ.

ನಕಲು ಸರಿಯಾಗಿದೆಯೇ ಎಂದು ನೋಡುವಾಗ ಒಂದು ಮೋಸವಿದೆ. ಆಗ ತಾನೇ ಓದಿದ ಫೈಲನ್ನು ಮತ್ತೆ ಕೇಳಿದರೆ ಲಿನಕ್ಸ್ ಅದನ್ನು ಮೆಮೊರಿಯಿಂದಲೇ ಕೊಡುತ್ತದೆ. ಪೆನ್‌ಡ್ರೈವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಯುಮೌಂಟ್ ಮಾಡಿ, ತೆಗೆದು, ಮತ್ತೆ ಚುಚ್ಚಿ, ಮತ್ತೆ ಬೀಗ ಹಾಕಿ ಓದಲು ಮಾತ್ರ ಮೌಂಟ್ ಮಾಡಿ, ಆಮೇಲೆ ಆರ್‌ಸಿಂಕ್ -ಆರ್‌ಸಿಎನ್ --ಐಟಮೈಝ್-ಚೇಂಜಸ್ ಓಡಿಸಬೇಕು. ಎನ್ ಇರುವುದರಿಂದ ಏನನ್ನೂ ಬರೆಯುವುದಿಲ್ಲ, ಸಿ ಇರುವುದರಿಂದ ಪ್ರತಿ ಫೈಲಿನ ಒಳಗನ್ನೂ ಹೋಲಿಸುತ್ತದೆ. ಇಲ್ಲಿ ಹೊಸ ಫೈಲುಗಳೆಂದು ಆ ಏಳು ಮಾತ್ರ ಕಂಡವು. ಅವನ್ನು ಎಸ್‌ಎಚ್‌ಎ256ಸಮ್‌ನಿಂದ ಬೇರೆಯಾಗಿ ತಾಳೆ ನೋಡಿದ್ದಾಯಿತು.

ಯುಮೌಂಟ್ ಮಾಡುವಾಗ "ಟಾರ್ಗೆಟ್ ಈಸ್ ಬಿಸಿ" ಎಂದಿತು. ಸುಡೊ ಫ್ಯೂಸರ್ -ವಿಎಂ /ಎಂಎನ್‌ಟಿ/ಪೆನ್ ಎಂದಾಗ ಬ್ಯಾಶ್ ಒಂದರ ಪಕ್ಕ "ಸಿ" ಅಕ್ಷರ ಕಂಡಿತು. ಆ ಶೆಲ್ ಅದೇ ಫೋಲ್ಡರಿನ ಒಳಗೆ ನಿಂತಿದೆ ಎಂದು ಅರ್ಥ. ಸಿಡಿ ಎಂದು ಹೊರಬಂದರೆ ಮುಗಿಯಿತು. ಇಲ್ಲಿ ಯುಮೌಂಟ್ -ಎಲ್ ಬಳಸುವ ಚಾಳಿ ಕೆಟ್ಟದ್ದು: ಹೆಸರು ಮಾತ್ರ ಮಾಯವಾಗಿ ಫೈಲ್ ಸಿಸ್ಟಮ್ ಒಳಗೊಳಗೇ ತೆರೆದಿರುತ್ತದೆ, ತೆಗೆಯಬಹುದು ಎಂದುಕೊಂಡು ಜನ ಕಿತ್ತುಬಿಡುತ್ತಾರೆ. ಅದಕ್ಕೆ ನ್ಯಾಯವಾದ ಜಾಗ ಒಂದಿದೆ. ಮೌಂಟ್ ಇರುವಾಗಲೇ ಯಾರಾದರೂ ಡ್ರೈವ್ ಕಿತ್ತು ಮತ್ತೆ ಹಾಕಿದರೆ, ಹಳೆಯ ಎಸ್‌ಡಿಬಿ ಹೆಸರು ಇನ್ನೂ ಹಿಡಿದಿರುವುದರಿಂದ ಹೊಸದಕ್ಕೆ ಎಸ್‌ಡಿಸಿ ಎಂಬ ಹೆಸರು ಬರುತ್ತದೆ, ಹಳೆಯ ಫೋಲ್ಡರಿನಲ್ಲಿ ಎಲ್‌ಎಸ್ ಮಾಡಿದರೆ ಐ/ಓ ಎರರ್. ಇಲ್ಲದ ಡ್ರೈವಿನ ಆ ಮೌಂಟನ್ನು ಬಿಡಿಸಲು -ಎಲ್ ಸರಿ.

ರಿಪೇರಿ, ಆಮೇಲಿನ ವ್ಯವಸ್ಥೆ

ಸರ್ವರಿನಲ್ಲಿ ಒಂದು ಪ್ರತಿ, ಇನ್ನೊಂದು ಡಿಸ್ಕಿನಲ್ಲಿ ಮತ್ತೊಂದು ಪ್ರತಿ ಆದ ಮೇಲೆ ರಿಪೇರಿ. ಎನ್‌ಟಿಎಫ್‌ಎಸ್ ಅನ್ನು ನಿಜವಾಗಿ ಪರಿಶೀಲಿಸಿ ಸರಿಪಡಿಸುವುದು ವಿಂಡೋಸಿನ ಚೆಕ್‌ಡಿಸ್ಕ್: ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಸಿಎಚ್‌ಕೆಡಿಎಸ್‌ಕೆ ಇ: /ಎಫ್. ಇ ಇದ್ದಲ್ಲಿ ನಿಮ್ಮ ಡ್ರೈವಿನ ಅಕ್ಷರ. ಇಲ್ಲಿ ಹಾಗೇ ಮಾಡಿದ್ದು, ಗುರುತು ಹೋಯಿತು. ಹತ್ತಿರದಲ್ಲಿ ವಿಂಡೋಸ್ ಇಲ್ಲದಿದ್ದರೆ ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಇದೆ. ಮೊದಲು -ಎನ್ ಕೊಟ್ಟು ಏನು ಮಾಡುತ್ತದೆ ಎಂದು ನೋಡಿ, ಆಮೇಲೆ -ಡಿ. ಆದರೆ ಹೆಸರು ಕೇಳಿ ಮೋಸಹೋಗಬಾರದು. ಅದು ಕೆಲವು ಮೂಲ ದೋಷಗಳನ್ನಷ್ಟೇ ನೋಡುತ್ತದೆ, ಗುರುತು ಅಳಿಸುತ್ತದೆ. ಚೆಕ್‌ಡಿಸ್ಕಿಗೆ ಅದು ಬದಲಿಯಲ್ಲ. ಗುರುತು ಅಳಿದ ಮಾತ್ರಕ್ಕೆ ಒಳಗೆ ಎಲ್ಲವೂ ನೆಟ್ಟಗಿದೆ ಎಂದಲ್ಲ.

ಎರಡು ವ್ಯವಸ್ಥೆಗಳ ನಡುವೆ ಓಡಾಡುವ ಪೆನ್‌ಡ್ರೈವಿಗೆ ಎನ್‌ಟಿಎಫ್‌ಎಸ್ ಒಳ್ಳೆಯ ಆಯ್ಕೆಯಲ್ಲ. ಫ್ಯಾಟ್32ರಲ್ಲಿ ಒಂದು ಫೈಲಿಗೆ 4 ಜಿಬಿ ಮಿತಿ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ. ಖಾಲಿಯಾದ ಈ ಡ್ರೈವನ್ನು ಎಕ್ಸ್‌ಫ್ಯಾಟ್‌ಪ್ರಾಗ್ಸ್ ಪ್ಯಾಕೇಜಿನ ಎಂಕೆಎಫ್‌ಎಸ್.ಎಕ್ಸ್‌ಫ್ಯಾಟ್‌ನಿಂದ ಹೊಸದಾಗಿ ಮಾಡಲಾಯಿತು. ಲೇಬಲ್ಲಿಗೆ ದೊಡ್ಡಕ್ಷರದ -ಎಲ್. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಆದ್ದರಿಂದ ಸರಿಯಾಗಿ ಬಿಡಿಸಿ ತೆಗೆಯುವುದು ಇಲ್ಲಿ ಇನ್ನೂ ಮುಖ್ಯ.

ಸರ್ವರಿನಿಂದ ಪೆನ್‌ಡ್ರೈವಿಗೆ ಬರೆಯುವಾಗ ಅದು ಕಣ್ಣಿಗೆ ಕಾಣುತ್ತದೆ. 3 ಜಿಬಿ ನಕಲು ಕೆಲವೇ ಸೆಕೆಂಡಿನಲ್ಲಿ ಮುಗಿದು ಪ್ರಾಂಪ್ಟ್ ಬರುತ್ತದೆ, ಡ್ರೈವಿನ ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ. ಬರೆದದ್ದೆಲ್ಲ ಇನ್ನೂ ಮೆಮೊರಿಯಲ್ಲಿದೆ. ಲಭ್ಯ ಮೆಮೊರಿಯ ಶೇ. 20ರವರೆಗೆ ಹೀಗೆ ಬಾಕಿ ಉಳಿಯಲು ಕರ್ನಲ್ ಬಿಡುತ್ತದೆ. ಸೆಕೆಂಡಿಗೆ 10 ಎಂಬಿ ಬರೆಯುವ ಡ್ರೈವಿಗೆ ಆ 3 ಜಿಬಿ ಮುಟ್ಟಲು 5 ನಿಮಿಷ ಬೇಕು. ಯುಮೌಂಟ್ ಅಷ್ಟು ಹೊತ್ತು ಸುಮ್ಮನೆ ನಿಂತರೆ ಹ್ಯಾಂಗ್ ಆಯಿತು ಎಂದು ಕೀಳಬಾರದು. ಇನ್ನೊಂದು ಟರ್ಮಿನಲ್‌ನಲ್ಲಿ /ಪ್ರಾಕ್/ಮೆಮ್‌ಇನ್ಫೋ ಫೈಲಿನ ಡರ್ಟಿ ಮತ್ತು ರೈಟ್‌ಬ್ಯಾಕ್ ಸಾಲುಗಳನ್ನು ನೋಡುತ್ತಿದ್ದರೆ ಅಂಕೆ ಇಳಿಯುವುದು ಕಾಣುತ್ತದೆ.

ಪ್ರತಿ ವಾರ ಬರುವ ಡ್ರೈವ್ ಆದ್ದರಿಂದ /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡ್ರೈವನ್ನು ಎಲ್ಲಿ ಮೌಂಟ್ ಮಾಡಬೇಕು ಎಂಬ ಪಟ್ಟಿಯ ಫೈಲ್) ಒಂದು ಸಾಲು ಸೇರಿಸಿದ್ದಾಯಿತು. ಎಸ್‌ಡಿಬಿ1 ಎಂಬ ಹೆಸರು ನಾಳೆ ಬದಲಾಗಬಹುದು, ಹಾಗಾಗಿ ಅಲ್ಲಿ ಕೊಟ್ಟದ್ದು ಯುಯುಐಡಿ. ಆಯ್ಕೆಗಳು: ನೋಆಟೋ, ನೋಫೇಲ್, ಯೂಸರ್, ಯುಐಡಿ=1000, ಜಿಐಡಿ=1000, ಉಮಾಸ್ಕ್=022. ನೋಆಟೋ ಇಲ್ಲದೆ ಬೂಟ್‌ನಲ್ಲೇ ಮೌಂಟ್ ಆಗುವಂತೆ ಬರೆದು ನೋಫೇಲ್ ಮರೆತರೆ, ಡ್ರೈವ್ ಇಲ್ಲದ ದಿನ ಸರ್ವರ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಎಸ್‌ಎಸ್‌ಎಚ್ ಕೂಡ ಏಳದೆ, ಮಾನಿಟರ್ ಕೀಬೋರ್ಡ್ ಹೊತ್ತುಕೊಂಡು ಯಂತ್ರದ ಹತ್ತಿರವೇ ಹೋಗಬೇಕಾಗುತ್ತದೆ. ಸಾಲು ಸೇರಿಸಿದ ಮೇಲೆ ರೀಬೂಟ್ ಮಾಡುವ ಮುನ್ನ ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ ಓಡಿಸಿದರೆ ಬರಹದ ತಪ್ಪುಗಳು ಅಲ್ಲೇ ಸಿಗುತ್ತವೆ.

ಗ್ರಂಥಾಲಯದ ಸಿಬ್ಬಂದಿಗೆ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರು ಸಾಲು. ಹಾಕುವುದು ಹಿಂದಿನ ನೀಲಿ ಪೋರ್ಟಿಗೆ. ತೆಗೆಯುವಾಗ ಮೊದಲು ಯುಮೌಂಟ್ /ಎಂಎನ್‌ಟಿ/ಪೆನ್, ಪ್ರಾಂಪ್ಟ್ ಬರುವವರೆಗೆ ಕಾಯುವುದು. ಆಮೇಲೆ ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ, ಅಕ್ಷರ ಎಲ್‌ಎಸ್‌ಬಿಎಲ್‌ಕೆಯಲ್ಲಿ ನೋಡಿಕೊಂಡು. ದೀಪ ಆರಿದ ಮೇಲೆ ಕೈ ಹಾಕುವುದು.